ಬಿಸಿಯಾದರೆ ಆರುವ ಲೈಟು

"ಮೀನಿನ ತೊಟ್ಟಿ ಲೈಟು ಕೆಟ್ಟಿದೆ ಅಂತ ಫೋನ್ ಮಾಡಿದ್ದು ಯಾರು?"

ಕನ್ನಡಕದ ಅಂಗಡಿಯ ಕೌಂಟರಿನ ಹಿಂದೆ ಕೂತು ಫ್ರೇಮೊಂದರ ಸ್ಕ್ರೂ ಬಿಗಿಸುತ್ತಿದ್ದ ಅವಳಿಗೆ ತಲೆ ಎತ್ತುವ ಮೊದಲೇ ದನಿಯ ಗುರುತು ಸಿಕ್ಕಿತು. ಸಾಸಿವೆಯಷ್ಟಿದ್ದ ಸ್ಕ್ರೂ ಕೈಜಾರಿ ಎಲ್ಲಿಗೆ ಹಾರಿತೋ!

ಕೂದಲು ನರೆತಿತ್ತು, ಹೊಟ್ಟೆ ಸ್ವಲ್ಪ ಮುಂದೆ ಬಂದಿತ್ತು. ಆದರೂ ಅವನೇ, ರೇಡಿಯೊ. ಎದುರು ಸಾಲಿನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾಗ ಅವಳ ಅಪ್ಪ ಇಟ್ಟ ಹೆಸರು ಅದು. ಒಮ್ಮೆ ಬಾಯಿ ತೆರೆದರೆ ಮುಚ್ಚುವ ಮಾತೇ ಇರಲಿಲ್ಲ, ಅದಕ್ಕೆ.

"ಫೋನ್ ಮಾಡಿದ್ದು ನಮ್ಮಣ್ಣನ ಮಗಳು," ಎಂದಳು ಬಿಗುವಾಗಿ. "ಅಟ್ಟದಲ್ಲಿದ್ದ ಹಳೇ ತೊಟ್ಟಿ ಇಳಿಸಿ ಮೀನು ಬಿಟ್ಟಿದ್ದಾಳೆ. ನಿಮ್ಮನ್ನ ಕರೆಸ್ತಾಳೆ ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಿದ್ದಿದ್ರೆ?"

"ಹೊಸ ಲೈಟೇ ತಂದುಬಿಡ್ತಿದ್ದೆ."

ಅವನು ನಕ್ಕ. ಅವಳೇನೂ ನಗಿಸಲೆಂದು ಹೇಳಿರಲಿಲ್ಲ.

ಮುಂಬಾಗಿಲ ಗಾಜಿನ ಪಕ್ಕದ ತೊಟ್ಟಿಯಲ್ಲಿ ಲೈಟು ಜಗಜಗ ಉರಿಯುತ್ತಿತ್ತು. ಅವನು ಒಮ್ಮೆ ಅದನ್ನು ನೋಡಿದ, ಒಮ್ಮೆ ಅವಳನ್ನು. ಒಂದೇ ಹುಬ್ಬು ಮೇಲೇರಿತು. ಆ ಹುಬ್ಬಿಗೆ ಮಾತ್ರ ವಯಸ್ಸಾಗಿರಲಿಲ್ಲ.

"ಚೆನ್ನಾಗೇ ಉರೀತಿದೆಯಲ್ಲ!"

ಅವಳ ಕಿವಿ ಬಿಸಿಯಾಯಿತು. "ನಿಮ್ಮನ್ನ ನೋಡೋಕೆ ನೆಪ ಹುಡುಕಿದೀನಿ ಅಂತ ಅಂದ್ಕೋಬೇಡಿ. ಅರ್ಧ ಗಂಟೆ ಉರಿದು ಆರಿಹೋಗುತ್ತೆ. ಸ್ವಲ್ಪ ಹೊತ್ತಾದ್ಮೇಲೆ ತಾನಾಗೇ ಹತ್ಕೊಳ್ಳುತ್ತೆ."

"ಹಾಗೆ ಹೇಳಿ."

ಅವನು ಪ್ಲಗ್ ಕಿತ್ತು, ತೊಟ್ಟಿಯ ಮುಚ್ಚಳ ತೆಗೆದು, ಒಳಗಿನ ತೇವ ಒರೆಸಿದ. ಹೋಲ್ಡರಿಗೆ ಹಿಡಿದ ಹಸಿರು ಕಿಲುಬನ್ನು ಕೆರೆದ. ಹೊಸ ಟ್ಯೂಬು, ಹೊಸ ಸ್ಟಾರ್ಟರು ಹಾಕಿ ಮತ್ತೆ ಲೈಟು ಹೊತ್ತಿಸಿದ.

"ಇಷ್ಟಾದ್ಮೇಲೂ ಆರಿದ್ರೆ ತಪ್ಪು ಚೋಕಿಂದೇ. ಟ್ಯೂಬಿಗೆ ಕರೆಂಟನ್ನ ಹದವಾಗಿ ಬಿಡೋದು ಅದು. ಕೆಲವು ಚೋಕು ತಣ್ಣಗಿದ್ದಾಗ ಸಾಧು, ಬಿಸಿಯಾದ್ಮೇಲೇ ಬಂಡವಾಳ ಹೊರಗೆ ಬರೋದು. ಕಾಯಬೇಕು."

"ಎಷ್ಟು ಹೊತ್ತು?"

"ಆರೋ ತನಕ."

ಹೀಗೆ ಅವನು ಸ್ಟೂಲಿನ ಮೇಲೆ ಕೂತ, ಅವಳು ಕೌಂಟರಿನ ಹಿಂದೆ. ನಡುವೆ ಕೆಂಪು ಮೀನುಗಳು ಮಾತ್ರ ಯಾವ ಸಂಕೋಚವೂ ಇಲ್ಲದೆ ಓಡಾಡಿಕೊಂಡಿದ್ದವು. ಅವನು ಕರೆಂಟು ಅಳೆಯುವ ಮೀಟರನ್ನು ಹೊರತೆಗೆದು, ಅದರ ಮೇಲಿನ ಅಂಕಿ ಓದಲು ಕೈಯನ್ನು ಉದ್ದಕ್ಕೆ ಚಾಚಿದ. ಅವಳಿಗೆ ತಡೆಯಲಾಗಲಿಲ್ಲ.

"ಇನ್ನೂ ಉದ್ದ ಬೇಕಾದ್ರೆ ಪಕ್ಕದಂಗಡಿಯವರ ಕೈಲಿ ಹಿಡಿಸಲಾ? ಇಲ್ಲಿ ಬನ್ನಿ."

ಕಣ್ಣು ಪರೀಕ್ಷೆಯ ದುಂಡು ಫ್ರೇಮನ್ನು ಅವನ ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ಇಳಿಸಿದಳು. ಬೆರಳು ಅವನ ಕಿವಿಗೆ ತಾಗಿತು. ದಿನಕ್ಕೆ ಎಷ್ಟೋ ಜನರ ಕಿವಿಗೆ ತಾಗುವ ಬೆರಳದು. ಇವತ್ತು ಮಾತ್ರ ಅದು ತಪ್ಪು ಗಾಜು ಎತ್ತಿಕೊಂಡಿತು. ಕೈಗೆ ಕೊಟ್ಟ ಅಕ್ಷರದ ಕಾರ್ಡ್ ಬಿಟ್ಟು ಅವನು ಅವಳನ್ನೇ ನೋಡುತ್ತಿದ್ದ.

"ಕಾರ್ಡ್ ಓದಿ. ನನ್ನ ಮುಖದಲ್ಲಿ ಏನೂ ಬರೆದಿಲ್ಲ."

"ಸ್ವಲ್ಪ ಬರೆದಿದೆ," ಎಂದ ಅವನು ಮೆಲ್ಲಗೆ. "ಮದುವೆ..."

"ಆಗಲಿಲ್ಲ. ನಿಮಗೆ?"

"ಆಗಿತ್ತು. ಒಳ್ಳೆಯವಳು. ತೀರಿಕೊಂಡು ಕೆಲವು ವರ್ಷ ಆಯ್ತು. ಅದಕ್ಕೇ ಈ ಊರಿಗೆ ವಾಪಸ್ ಬಂದೆ."

ಅವಳು ಗಾಜು ಒರೆಸುವ ಬಟ್ಟೆಯನ್ನು ಸುಮ್ಮನೆ ಮಡಿಸಿದಳು, ಬಿಚ್ಚಿದಳು. ಇಷ್ಟು ವರ್ಷ ಕೇಳದೆ ಉಳಿದ ಮಾತೊಂದಿತ್ತು.

ಅಂದು ಅವರಿಬ್ಬರ ನಡುವೆ ಒಂದು ಒಪ್ಪಂದವಿತ್ತು. ಮದುವೆಯ ಮಾತನ್ನು ಅವಳು ಅಪ್ಪನ ಮುಂದೆ ಎತ್ತಬೇಕು. ಅಪ್ಪ ಒಪ್ಪಿದರೆ ತೊಟ್ಟಿಯ ಲೈಟು ಹಾಕಬೇಕು, ಅವನು ಒಳಗೆ ಬರಬೇಕು. ಲೈಟು ಇಲ್ಲದಿದ್ದರೆ ಹಾಗೇ ಮುಂದೆ ಹೋಗಿಬಿಡಬೇಕು, ಮತ್ತೆ ಕೇಳಬಾರದು. ಅಪ್ಪ ಒಪ್ಪಿದ್ದ! ಅವಳು ಓಡಿಬಂದು ಲೈಟು ಹಾಕಿ, ಒಳಕೋಣೆಯ ಕನ್ನಡಿಯ ಮುಂದೆ ಮುಕ್ಕಾಲು ಗಂಟೆ ಜಡೆ ಹೆಣೆದು, ಬಿಚ್ಚಿ, ಮತ್ತೆ ಹೆಣೆದಿದ್ದಳು. ಅಪ್ಪನೂ ಒಳಗೇ ಇಸ್ತ್ರಿ ಅಂಗಿ ಹಾಕಿಕೊಳ್ಳುತ್ತಿದ್ದ. ಹೊರಗೆ ಬಂದಾಗ ಲೈಟು ಉರಿಯುತ್ತಲೇ ಇತ್ತು. ಅಂಗಡಿ ಮುಚ್ಚಲು ಉಳಿದಿದ್ದ ಕಾಲು ಗಂಟೆಯೂ ಉರಿಯಿತು. ಅವನು ಬರಲಿಲ್ಲ. ಮರುದಿನ ಕೆಲಸ ಹಿಡಿದು ದೂರದ ಊರಿಗೆ ಹೋದನೆಂದು ಸುದ್ದಿ ಬಂತು. ಅವಳು ಮೀನುಗಳನ್ನು ಯಾರಿಗೋ ಕೊಟ್ಟು ತೊಟ್ಟಿಯನ್ನು ಅಟ್ಟಕ್ಕೆ ಹಾಕಿದಳು.

"ಅವತ್ತು ಯಾಕೆ ಬರಲಿಲ್ಲ?" ಎಂದಳು.

ಅವನು ಗಾಜುಗಳ ಹಿಂದಿನಿಂದ ಕಣ್ಣರಳಿಸಿದ. "ಬಂದಿದ್ದೆ. ಹೇಳಿದ ಹೊತ್ತಿಗೇ ಬಂದಿದ್ದೆ. ಲೈಟು ಆರಿತ್ತು."

"ಸುಳ್ಳು! ನಾನೇ ಕೈಯಾರೆ ಹಾಕಿದ್ದೆ!"

"ನನ್ನ ಕಣ್ಣಾರೆ ನೋಡಿದೀನಿ. ರಸ್ತೆ ಆಚೆ ಅಷ್ಟು ಹೊತ್ತು ನಿಂತಿದ್ದೆ..."

ಪಟಕ್ಕನೆ ತೊಟ್ಟಿ ಕತ್ತಲಾಯಿತು.

ಇಬ್ಬರೂ ಅತ್ತ ತಿರುಗಿದರು. ಅವನು ಪ್ಲಗ್ ಕಿತ್ತು ಚೋಕಿಗೆ ಮೀಟರಿನ ಕಡ್ಡಿಗಳನ್ನು ಒತ್ತಿದ. ತಂತಿ ಕೂಡಿದ್ದರೆ ಕುಂಯ್ ಎನ್ನಬೇಕಿದ್ದ ಮೀಟರು ಸದ್ದು ಮಾಡಲಿಲ್ಲ. ಒಳಗೆ ತಂತಿ ಎಲ್ಲೋ ಬಿಟ್ಟುಕೊಂಡಿತ್ತು. ಕಡ್ಡಿ ತೆಗೆಯದೆ ಹಾಗೇ ಹಿಡಿದು ನಿಂತ. ಚೋಕು ನಿಧಾನವಾಗಿ ಆರಿ ತಣ್ಣಗಾಯಿತು. ಆಗ ಮೀಟರು ಕುಂಯ್ ಎಂದಿತು. ಪ್ಲಗ್ ಹಾಕಿದ. ಏನೂ ಆಗೇ ಇಲ್ಲವೆಂಬಂತೆ ಲೈಟು ಹೊತ್ತಿಕೊಂಡಿತು.

ಅವಳು ಅವನ ಸ್ಟೂಲನ್ನು ಎಳೆದು ಕೂತಳು. "ನಾನು ಜಡೆ ಹಾಕ್ಕೊಳ್ತಿದ್ದಾಗ..."

"ಈ ಚೋಕು ಹಾಕಿದ್ದು ನಾನೇ ಕಣೇ," ಎಂದ. ಇಷ್ಟು ಹೊತ್ತಿನ ಬಹುವಚನ ಯಾವಾಗ ಬಿಟ್ಟುಹೋಯಿತೋ ಅವನಿಗೂ ತಿಳಿಯಲಿಲ್ಲ. "ಅವತ್ತೇ ಬೆಳಿಗ್ಗೆ. ನಿಮ್ಮಪ್ಪನ ಹತ್ರ ಶಹಬ್ಬಾಸ್ ಅನ್ನಿಸ್ಕೋಬೇಕು ಅಂತ, ಅಂಗಡೀಲಿ ಬಿದ್ದಿದ್ದ ಹಳೇದನ್ನ ತಂದು ಹಾಕಿದೆ. ಐದು ನಿಮಿಷ ಉರಿಸಿ ಸರಿಯಾಗಿದೆ ಅಂದುಬಿಟ್ಟೆ. ಅರ್ಧ ಗಂಟೆ ಕಾದಿದ್ರೆ ಸಾಕಿತ್ತು."

"ಒಳಗೆ ಬಂದು ಒಂದು ಮಾತು ಕೇಳೋಕೇನಾಗಿತ್ತು ನಿನಗೆ?"

"ಕೇಳಬಾರದು ಅಂತ ಆಣೆ ಹಾಕಿಸಿದ್ದು ಯಾರು?"

ಅವಳೇ. ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಅವನು ಏನೋ ಹೇಳಹೋಗಿ ತಡವರಿಸಿದ.

"ಅಂದ್ರೆ... ಅಪ್ಪ ಒಪ್ಪಿದ್ರಾ?"

"ಬಾಯ್ತುಂಬ ಒಪ್ಪಿದ್ರು. ಆ ರೇಡಿಯೊ ಮನೇಲಿದ್ರೆ ಮನೆ ಮನೆಯಾಗಿರುತ್ತೆ ಅಂದ್ರು."

ಆ ದುಂಡು ಫ್ರೇಮಿನ ಹಿಂದೆ ಅವನ ಕಣ್ಣು ತುಂಬಿ ಬಂತು. ತನ್ನನ್ನು ಬೇಡವೆಂದರು ಎಂಬ ಭಾರವನ್ನು ಹೊತ್ತುಕೊಂಡೇ ಇಡೀ ವಯಸ್ಸು ಸವೆಸಿದ್ದ ಅವನು. ಅವಳು ಎದ್ದು ಬಂದು ಫ್ರೇಮು ಕಳಚಿ, ಗಾಜು ಒರೆಸುವ ಬಟ್ಟೆಯಿಂದಲೇ ಅವನ ಕೆನ್ನೆ ಒರೆಸಿದಳು. ಹೋದ ವರ್ಷಗಳು ತಿರುಗಿ ಬರುವಂತಿರಲಿಲ್ಲ. ಆದರೂ, ಅವನು ಬಂದಿದ್ದ. ಅಂಜಿ ಓಡಿಹೋಗಿರಲಿಲ್ಲ. ಅದೊಂದೇ ಮಾತು ಅವಳೊಳಗೆ ಹಿತವಾಗಿ ಹರಡಿಕೊಳ್ಳುತ್ತಿತ್ತು.

ಅವನು ಹಳೇ ಚೋಕು ಬಿಚ್ಚಿ ಹೊಸದನ್ನು ಕೂರಿಸಿದ. ಕೆಲಸ ಮುಗಿದರೂ ಚೀಲ ಎತ್ತಿಕೊಳ್ಳಲಿಲ್ಲ.

"ಈಗ ಕೇಳಬೇಕು ಅಂದ್ರೆ ಯಾರನ್ನ ಕೇಳಲಿ? ಅಪ್ಪ ಇಲ್ಲ."

"ಮಗಳು ಇದ್ದಾಳಲ್ಲ."

"ಈ ವಯಸ್ಸಲ್ಲಿ ಜನ ನಗ್ತಾರೆ."

"ನಗಲಿ. ಅವರ ಗಂಟೇನು ಹೋಗುತ್ತೆ? ನೀನು ಕೇಳು."

ಅವನು ಕೇಳಿದ. ಮಾತಿನಮಲ್ಲ ಎನಿಸಿಕೊಂಡವನು ಎರಡೇ ಪದದಲ್ಲಿ, ಅದೂ ತೊದಲುತ್ತಾ ಕೇಳಿದ. ಅವಳು ಅವನ ಎರಡೂ ಕೈ ಹಿಡಿದುಕೊಂಡು, ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಉತ್ತರ ಕೊಟ್ಟಳು.

"ಒಪ್ಪಿದೀನಿ! ಈ ಸಲ ಬಾಯಿಬಿಟ್ಟು ಹೇಳ್ತಿದೀನಿ. ಕೇಳಿಸ್ತಾ?"