ತಾಮ್ರ ಬೇಡ ಅಂದಿದ್ದೆ!

“ನಿಲ್ಸಿ! ಮೊದ್ಲು ಮೆಷಿನ್ ನಿಲ್ಸಿ!”

ಅವಳ ಕೂಗಿಗೆ ಟೂಲ್ ರೂಮಿನ ತಲೆಗಳೆಲ್ಲ ಒಟ್ಟಿಗೆ ತಿರುಗಿದವು. ಸ್ಪಾರ್ಕ್ ಮೆಷಿನ್ನಿನ ಮುಂದಿದ್ದವನು ಬೆಚ್ಚಿಬಿದ್ದು ಗುಂಡಿ ಒತ್ತಿದ. ಎಣ್ಣೆಯೊಳಗೆ ಚಟಪಟನೆ ಉಕ್ಕನ್ನು ಕೊರೆಯುತ್ತಿದ್ದ ಕಿಡಿಗಳು ಆರಿದವು. ಕಿಡಿ ಹಾರಿಸಿ ಉಕ್ಕಿನಲ್ಲಿ ತನ್ನದೇ ಆಕಾರ ಮೂಡಿಸುವ ಎಲೆಕ್ಟ್ರೋಡ್ ಮೇಲೆದ್ದು ಬಂತು. ಕೆಂಪಗೆ, ಹೊಳೆಯುತ್ತಾ... ತಾಮ್ರ!

“ನಾನು ಹೇಳಿದ್ದು ಗ್ರಾಫೈಟ್. ಇದ್ಯಾಕೆ ಬಂತು?”

“ನಾನೇ... ಬದಲಾಯಿಸಿದೆ.”

ಅವಳ ಮೈಯೆಲ್ಲ ಉರಿದುಹೋಯಿತು. ಅವಳೊಬ್ಬಳೇ ವಿನ್ಯಾಸ ಮಾಡಿದ ಮೊದಲ ಅಚ್ಚು ಅದು. ಬಾಚಣಿಗೆಯ ಅಚ್ಚು. ಒಂದೊಂದು ಹಲ್ಲಿಗೂ ಉಕ್ಕಿನಲ್ಲಿ ತೆಳ್ಳನೆಯ, ಆಳವಾದ ಸೀಳು ಬೇಕು. ಅಷ್ಟು ತೆಳುವಾದರೆ ತಾಮ್ರ ಬಾಗುತ್ತದೆ, ಅಂಚು ಬೇಗ ಸವೆಯುತ್ತದೆ. ಗ್ರಾಫೈಟಾದರೆ ನೆಟ್ಟಗೆ ನಿಲ್ಲುತ್ತದೆ. ನಾಳೆ ಗಿರಾಕಿ ಬಂದಾಗ ಹಲ್ಲು ಮೊಂಡಾಗಿದ್ದರೆ ಎರಡನೇ ಅಚ್ಚು ಅವಳ ಕೈಗೆ ಬರುವ ಮಾತೇ ಇಲ್ಲ!

‘ಊಟದ ಹೊತ್ತಲ್ಲಿ ಕದ್ದು ಕದ್ದು ನೋಡಿದ್ದು ಇಂಥವನನ್ನಾ? ನನ್ನ ಮೇಲೆ ನಂಬಿಕೆಯೇ ಇಲ್ಲ ಇವನಿಗೆ...’

“ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಬದಲಾಯಿಸಿದ್ರಲ್ಲ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡ್ರಾ?” ಅವಳ ಕಣ್ಣು ತುಂಬಿ ಬಂತು.

“ಅಯ್ಯೋ, ಹಾಗಲ್ಲ!” ಅವನು ತಡವರಿಸಿದ. “ಗ್ರಾಫೈಟ್ ಕಡಿಯೋವಾಗ ಕಪ್ಪು ಪುಡಿ ಏಳುತ್ತಲ್ಲ... ಹೋದ ಸಲ ಪಕ್ಕದಲ್ಲೇ ನಿಂತು ವಾರವೆಲ್ಲ ಕೆಮ್ಮಿದ್ರಿ. ನನಗೆ ನೋಡೋಕಾಗ್ಲಿಲ್ಲ.”

ಪಾಲಿಶ್ ಮಾಡುತ್ತಿದ್ದ ಅಕ್ಕ ಕಿಸಕ್ಕನೆ ನಕ್ಕಳು. “ಕೇಳಿದ್ಯೇನೇ? ನಿನ್ನ ಕೆಮ್ಮಿಗೋಸ್ಕರ ಅಚ್ಚನ್ನೇ ಬಲಿ ಕೊಡೋಕೆ ಹೊರಟಿದ್ನಂತೆ!”

ಅವಳ ಎದೆ ಢವಢವ ಎಂದಿತು. ಕೋಪ ಮಾತ್ರ ಪೂರ್ತಿ ಇಳಿಯಲಿಲ್ಲ.

“ಕೆಮ್ಮೂ ನಂದು, ಅಚ್ಚೂ ನಂದು. ಒಂದು ಮಾತು ಕೇಳ್ಬಾರ್ದಿತ್ತಾ?”

“ತಪ್ಪಾಯ್ತು. ಇನ್ನೂ ಆಳಕ್ಕೆ ಇಳಿದಿಲ್ಲ, ಸರಿ ಮಾಡಬಹುದು. ಬಾಗಿಲು ಹಾಕ್ಕೊಂಡು ಗ್ರಾಫೈಟ್ ನಾನೇ ಕಡೀಲಾ? ನೀವು ಗಾಜಿನಾಚೆಯಿಂದ ನೋಡ್ತೀರಾ?”

ಕೇಳಿಬಿಟ್ಟ! ಅವಳು ಮುಖ ಗಂಟಿಕ್ಕಿಕೊಂಡೇ ತಲೆಯಾಡಿಸಿದಳು.

ಸಂಜೆಯ ಹೊತ್ತಿಗೆ ಅಚ್ಚು ಎಣ್ಣೆಯಿಂದ ಮೇಲೆ ಬಂತು. ಅವಳು ಭೂತಗನ್ನಡಿ ಹಿಡಿದು ಒಂದೊಂದೇ ಸೀಳಿಗೆ ಕಣ್ಣಿಟ್ಟಳು. ಅಂಚುಗಳೆಲ್ಲ ಚೂಪಾಗಿ, ನೆಟ್ಟಗೆ ನಿಂತಿದ್ದವು!

“ಬಂತು! ನನ್ನ ಅಚ್ಚು ಬಂತು!” ಸಂತೋಷದಲ್ಲಿ ಅವನ ತೋಳನ್ನೇ ಹಿಡಿದುಬಿಟ್ಟಳು.

“ಇನ್ನೊಂದು ಕೇಳ್ಲಾ?”

“ಏನು?”

“ನನ್ನನ್ನ ಮದುವೆ ಆಗ್ತೀರಾ?”

ಮಾಸ್ಕ್ ಇದ್ದ ಜಾಗ ಬಿಟ್ಟರೆ ಅವನ ಮುಖವೆಲ್ಲ ಕಪ್ಪು. ಅವಳಿಗೆ ನಗು, ಅಳು ಒಟ್ಟಿಗೇ ಬಂದವು.

“ಮೊದ್ಲು ಮುಖ ತೊಳ್ಕೊಳ್ಳಿ. ಹೀಗೇ ಬಂದ್ರೆ ನಮ್ಮಪ್ಪ ನಿಮ್ಮನ್ನ ಇದ್ದಿಲು ಮಾರೋರು ಅಂದ್ಕೋತಾರೆ!”

“ಅಂದ್ರೆ... ಮನೆಗೆ ಬರಲಾ?”

“ಅದನ್ನೂ ಕೇಳ್ಬೇಕಾ!”