ಐದನೇ ದಿನದ ಮೀನು

"ನಾನು ಮೀನು ಆಗಲ್ಲ ಅಂದ್ರೆ ಆಗಲ್ಲ!"

ಗುಬ್ಬಿ ನೀಲಿ ಅಂಗಿಯನ್ನು ಕಿತ್ತು ಹೊಲಿಗೆ ಮೆಷಿನ್ ಮೇಲೆ ಎಸೆದಳು. ಟೈಲರ್ ಅಜ್ಜಿಯ ಬಾಯಿ ತುಂಬ ಗುಂಡುಪಿನ್ನು. ಒಂದೊಂದನ್ನೇ ತೆಗೆದು ಡಬ್ಬಿಗೆ ಹಾಕಿದ ಮೇಲೆಯೇ ಅವಳು ಬಾಯಿಬಿಟ್ಟಿದ್ದು.

"ಭಾನುವಾರ ಚರ್ಚಲ್ಲಿ ನಾಟಕ ಕಣೇ. ದೇವರು ಲೋಕ ಮಾಡಿದ ಕತೆ. ಮೀನೇ ಇಲ್ದಿದ್ರೆ ಐದನೇ ದಿನ ಏನ್ ತೋರಿಸೋದು?"

"ಐದನೇ ದಿನಾನೂ ಇಲ್ಲ, ಆರನೇ ದಿನಾನೂ ಇಲ್ಲ! ಮೀನು ಬರೋಕೆ ಕೋಟಿಗಟ್ಟಲೆ ವರ್ಷ ಬೇಕಾಯ್ತಂತೆ. ಸೈನ್ಸ್ ಮಿಸ್ ಹೇಳಿದ್ರು. ನೀನು ಹೇಳಿದ್ದೆಲ್ಲ ಬರೀ ಸುಳ್ಳು!"

ಅಜ್ಜಿ ಅಂಗಿಗೆ ಅಂಟಿಸಬೇಕಿದ್ದ ಬೆಳ್ಳಿ ಕಾಗದದ ಚೂರುಗಳನ್ನು ಎತ್ತಿಟ್ಟು, ಹಾಡಹಗಲೇ ಮೆಷಿನ್ ಮುಚ್ಚಿಬಿಟ್ಟಳು.

ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಅಮ್ಮ ಬಂದಾಗ ಮನೆ ಬಿಕೋ ಎನ್ನುತ್ತಿತ್ತು. ಅವಳು ಅಂಗಿ ಎತ್ತಿಕೊಂಡು ಮೂಸಿದಳು. ಮುಖ ಅರಳಿತು.

"ಅಮ್ಮಾ, ಇದು ನನ್ನ ಮೀನು! ಇನ್ನೂ ಇಟ್ಟಿದ್ಯಾ?"

"ತೋಳು ಉದ್ದ ಮಾಡಿದೆ, ಅಷ್ಟೇ," ಅಂದಳು ಅಜ್ಜಿ.

ಅಮ್ಮ ಕಣ್ಣು ಮುಚ್ಚಿ, ಥೇಟ್ ಅಜ್ಜಿಯ ರಾಗದಲ್ಲೇ ಶುರುಮಾಡಿದಳು. "ಎಲ್ಲಾ ಕಡೆ ಬರೀ ನೀರು. 'ಯಾಕಿಷ್ಟು ಸುಮ್ನಿದೀಯ?' ಅಂತ ದೇವರು ಕೇಳಿದ್ರು. ನೀರಿಗೆ ಕಚಗುಳಿ ಆಯ್ತು. ಗುಳುಗುಳು, ಗುಳುಗುಳು..."

"ಪುಳಕ್ಕಂತ ಮೊದಲ್ನೇ ಮೀನು!" ಅಜ್ಜಿಗೆ ತಡೆಯಲಾಗಲಿಲ್ಲ. ಇಬ್ಬರೂ ಬಿದ್ದು ಬಿದ್ದು ನಕ್ಕರು.

"ಅಮ್ಮ, ನೀನದನ್ನ ನಂಬ್ತೀಯಾ?" ಗುಬ್ಬಿ ಕೇಳಿದಳು.

"ಇಲ್ಲ ಪುಟ್ಟಾ. ನಿನ್ನಷ್ಟಿದ್ದಾಗಲೇ ಅಜ್ಜಿ ಹತ್ರ ಜಗಳ ಆಡಿದ್ದೆ. ಆದ್ರೆ ಈ ಕತೆ ಕೇಳಿದ ದಿನಾನೇ ಕೆರೆಗೆ ಓಡಿಹೋಗಿ ಮೀನು ನೋಡ್ತಾ ಕೂತೆ. ಎಷ್ಟು ಕೂಗಿದ್ರೂ ಏಳಲಿಲ್ಲ. ಈಗಲೂ ಮೈಕ್ರೋಸ್ಕೋಪ್ ಮುಂದೆ ಕೂತ್ರೆ ಹಾಗೇ ಆಗುತ್ತೆ."

"ನಾನಂತೂ ನಂಬ್ತೀನಪ್ಪಾ," ಅಂದಳು ಅಜ್ಜಿ. "ಕೋಟಿ ವರ್ಷ ಆಗಿದ್ರೆ ಆಗಿರ್ಲಿ. ಮಾಡಿದೋರು ದೇವರೇ."

"ನೋಡು, ಜಗಳ ಇನ್ನೂ ಮುಗಿದಿಲ್ಲ!" ಅಮ್ಮ ನಗುತ್ತಾ ಅಜ್ಜಿಯ ಭುಜಕ್ಕೆ ತಲೆಯಾನಿಸಿದಳು.

ಗುಬ್ಬಿ ಇಬ್ಬರನ್ನೂ ನೋಡಿದಳು. ಅಮ್ಮನೂ ಜಗಳವಾಡಿದ್ದಳು, ನಿಜ. ಆದರೆ ಅಜ್ಜಿ ಹಾಡಹಗಲೇ ಮೆಷಿನ್ ಮುಚ್ಚುವಂಥ ಮಾತು ಆಡಿರಲಾರಳು.

ಗುಬ್ಬಿ ಸದ್ದಿಲ್ಲದೆ ಅಂಗಿ ತೊಟ್ಟುಕೊಂಡಳು.

"ಅಜ್ಜಿ, ಈ ಮೀನಿಗೆ ಕಿವಿರೇ ಇಲ್ವಲ್ಲ."

"ಹಾಗಂದ್ರೆ?"

"ಮೀನು ಉಸಿರಾಡೋದೇ ಅದ್ರಿಂದ. ಇಲ್ದಿದ್ರೆ ಸತ್ತೇ ಹೋಗುತ್ತೆ."

"ಅಯ್ಯಯ್ಯೋ!" ಅಜ್ಜಿ ಚಾಕ್ ಚಾಚಿದಳು. "ಎಲ್ಲಿ ಬರುತ್ತೆ? ಗೆರೆ ಹಾಕು ನೋಡೋಣ."

ಗುಬ್ಬಿ ಕತ್ತಿನ ಪಕ್ಕದಲ್ಲಿ ಮೆಲ್ಲಗೆ ಗೆರೆ ಎಳೆದಳು. ಅಜ್ಜಿ ಕನ್ನಡಕ ಏರಿಸಿಕೊಂಡು, ಇನ್ನೂ ಹತ್ತಿರ ಬಗ್ಗಿದಳು.