ಸೀರಿಯಂ ಸುಡುವ ಹುಡುಗಿ

"ಈ ಟೈಲ್ಸ್ ಎಷ್ಟು ವರ್ಷ ಬಾಳಿಕೆ ಬರುತ್ತೆ?"

2004ರಲ್ಲಿ, ಮಾಗಡಿ ರಸ್ತೆಯ ನಮ್ಮ ಟೈಲ್ಸ್ ಅಂಗಡಿಗೆ ಬಂದ ಹುಡುಗಿ ಕೇಳಿದಳು. "ಇಪ್ಪತ್ತು ವರ್ಷ ಗ್ಯಾರಂಟಿ ಮೇಡಂ," ಅಂದೆ ಜಂಬದಿಂದ.

"ಅಷ್ಟೇನಾ? ನಾವು ಮಾಡೋದು ಹತ್ತು ಸಾವಿರ ವರ್ಷ ತಡ್ಕೋಬೇಕು!"

ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬಿತ್ತು. ಬಸವಕುಮಾರ ಅನ್ನುವ ನನ್ನ ಕಥೆ ಅಲ್ಲಿಗೆ ಮುಗಿಯಿತು.

ಅನಘಾ ಗೋವಿಂದರಾಜನಗರದವಳು. ಬಾಂಬಿಗೆಂದು ಮಾಡಿ ಮಿಕ್ಕ ಪ್ಲುಟೋನಿಯಂ ಅನ್ನು ಸೆರಾಮಿಕ್ ಬಿಲ್ಲೆಗಳಲ್ಲಿ ಬಂಧಿಸಿ, ಭೂಮಿಯ ಆಳದಲ್ಲಿ ಹೂಳುವುದು ಹೇಗೆ ಅನ್ನುವುದು ಅವಳ ಪಿಎಚ್.ಡಿ. ವಿಷಯ.

"ಅಯ್ಯೋ, ಪ್ಲುಟೋನಿಯಂ ನಮಗೆಲ್ಲಿ ಕೊಡ್ತಾರೆ? ಅದರ ಬದಲು ಅದೇ ಥರ ಇರೋ ಸೀರಿಯಂ ಅನ್ನೋ ಲೋಹ ಹಾಕಿ ಸುಡ್ತೀವಿ. ಅದರಲ್ಲಿ ವಿಕಿರಣ ಇರಲ್ಲ. ಹೆದರ್ಕೋಬೇಡ ಕಣೋ," ಎಂದು ವಿಜಯನಗರದ ದರ್ಶಿನಿಯಲ್ಲಿ ನನ್ನ ತಟ್ಟೆಯ ದೋಸೆ ಮುರಿದುಕೊಳ್ಳುತ್ತಾ ಹೇಳಿದ್ದಳು. ಕಣ್ಣು ನನ್ನ ಮೇಲೆ, ಕೈ ನನ್ನ ಚಟ್ನಿಯ ಮೇಲೆ.

ನನ್ನ ಬಾಯಿಗೆ ಬೀಗವಿಲ್ಲ. ಅಮ್ಮನ ಮುಂದೆ ಅವಳನ್ನು ಹೊಗಳುವ ಭರದಲ್ಲಿ ಸೀರಿಯಂ ಮಾತು ನುಂಗಿಬಿಟ್ಟು, "ಪ್ಲುಟೋನಿಯಂನೇ ಸುಡ್ತಾಳಮ್ಮ! ಅಣುಬಾಂಬಿಂದು!" ಅಂದುಬಿಟ್ಟೆ.

ಹೆಣ್ಣು ನೋಡಲು ಹೋದ ದಿನ ಅನಘಾ ಕಾಫಿ ತಂದಳು. ಯಾರಿಗೂ ಕಾಣದಂತೆ ನನ್ನತ್ತ ಹುಬ್ಬು ಹಾರಿಸಿದಳು. ಅಮ್ಮ ಅವಳ ಬೆರಳುಗಳನ್ನೇ ನೋಡುತ್ತಾ ಲೋಟವನ್ನು ತುಟಿಗೂ ತಾಗಿಸದೆ ಕೆಳಗಿಟ್ಟಳು. ನಾನೂ ಹಾಗೇ ಇಟ್ಟೆ.

"ಆ ಬಾಂಬಿನ ವಿಷ ಮುಟ್ಟಿ ಮುಟ್ಟಿ, ನಾಳೆ ಮಕ್ಕಳಾಗ್ದಿದ್ರೆ ಯಾರನ್ನ ಕೇಳೋದು?" ಮನೆಗೆ ಬಂದು ಅಮ್ಮ ಕೂತುಬಿಟ್ಟಳು.

"ಅಮ್ಮ, ಅದು ಬರೀ ಸೀರಿಯಂ. ಏನೂ ಆಗಲ್ಲ. ಜಂಬಕ್ಕೆ ನಾನೇ ಸುಳ್ಳು ಹೇಳ್ದೆ."

"ಅವತ್ತು ಅದು, ಇವತ್ತು ಇದು. ಆ ಹುಡುಗಿಗೋಸ್ಕರ ಹೆತ್ತವಳಿಗೇ ಸುಳ್ಳು ಹೇಳ್ತೀಯಲ್ಲೋ ಕುಮಾರ!" ಅಮ್ಮ ಅತ್ತಳು. ಆಣೆ ಮಾಡಿದೆ, ಕಾಲು ಹಿಡಿದೆ. ನಿಜ ಹೇಳಿದ ದಿನವೇ ನಾನು ಸುಳ್ಳುಗಾರನಾಗಿದ್ದೆ.

ಮರುದಿನ ಬಸ್ ಸ್ಟಾಪಿನಲ್ಲಿ ಅನಘಾಗೆ ಎಲ್ಲ ಒಪ್ಪಿಸಿದೆ. ದುಪಟ್ಟಾದ ಅಂಚು ಸುತ್ತುತ್ತಾ ಕೇಳಿಸಿಕೊಂಡಳು.

"ನಿಮ್ಮಮ್ಮನ ಮೇಲೆ ನಂಗೆ ಕೋಪ ಇಲ್ಲ. ಅವರಿಗೆ ಗೊತ್ತಿರಲಿಲ್ಲ."

"ಮತ್ತೆ ಯಾಕೆ ಹೀಗಿದೀಯ?"

"ನಿಂಗೆ ಗೊತ್ತಿತ್ತಲ್ಲ ಕುಮಾರ್. ನೀನ್ಯಾಕೆ ಕಾಫಿ ಕುಡೀಲಿಲ್ಲ?"

"ಅಮ್ಮ ಎದುರಿಗಿದ್ರು..." ಅಂದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. "ನೀನಂದ್ರೆ ನಂಗೆ ಪ್ರಾಣ ಕಣೇ," ಅಂದೆ.

"ಗೊತ್ತು ಕಣೋ." ಅವಳ ಕಣ್ಣು ತುಂಬಿತ್ತು. "ಯಾರೂ ಎದುರಿಗಿಲ್ಲದಾಗ ಮಾತ್ರ."

ಬಸ್ ಬಂತು. ಅವಳು ಹತ್ತಿದಳು. ನಾನು ಹತ್ತಲಿಲ್ಲ.